ಆಶ್ರಯದ ಅಂದಾಜುಪಟ್ಟಿಯಲ್ಲಿ ಕಾಣದ ಸಂಬಳ

ಶಿವಮೊಗ್ಗದಲ್ಲಿ ಶಿಕ್ಷಣ ಸಂಸ್ಥೆಗಳ ಲೆಕ್ಕಪರಿಶೋಧನೆ ಮಾಡುವ ನನ್ನ ಬಳಿಗೆ ಕಳೆದ ಮಳೆಗಾಲದಲ್ಲಿ ತೀರ್ಥಹಳ್ಳಿ ಕಡೆಯ ಅಧ್ಯಾಪಕರೊಬ್ಬರು ಬಂದಿದ್ದರು. ಜೀವಭಯದಲ್ಲಿರುವ ಮಾನವ ಹಕ್ಕುಗಳ ಹೋರಾಟಗಾರರನ್ನು ವಿಶ್ವವಿದ್ಯಾಲಯವೊಂದು ಕೆಲವು ತಿಂಗಳು ತನ್ನಲ್ಲಿ ಇರಿಸಿಕೊಳ್ಳಲು ಎಷ್ಟು ಹಣ ಬೇಕೆಂಬುದು ಅವರ ಪ್ರಶ್ನೆ. ಅವರು ತಂದಿದ್ದ ಅಂದಾಜುಪಟ್ಟಿಯಲ್ಲಿ ಪ್ರಯಾಣ, ವೀಸಾ, ಮನೆಬಾಡಿಗೆ, ಮಾಸಿಕ ಭತ್ಯೆ, ಆರೋಗ್ಯ ವಿಮೆ ಎಲ್ಲವೂ ಇದ್ದವು. ಇವನ್ನೆಲ್ಲ ನೋಡಿಕೊಳ್ಳುವ ಸಂಯೋಜಕರ ಸಂಬಳ ಮಾತ್ರ ಇರಲಿಲ್ಲ.

ಇಂಗ್ಲೆಂಡಿನ ಯಾರ್ಕ್ ವಿಶ್ವವಿದ್ಯಾಲಯ 2008ರಿಂದ ಇಂಥ ಹೋರಾಟಗಾರರಿಗೆ ಆಶ್ರಯ ನೀಡುತ್ತ ಬಂದಿದೆ. ಅಂಥ ಕಾರ್ಯಕ್ರಮದಲ್ಲಿ ಬರುವವರಿಗಿರುವ ಬೆದರಿಕೆ ನಿಜವೇ ಎಂದು ಸದ್ದಿಲ್ಲದೆ ವಿಚಾರಿಸುವುದು, ಊರಲ್ಲಿ ಉಳಿದ ಮನೆಯವರ ಕ್ಷೇಮ ತಿಳಿಯುತ್ತಿರುವುದು, ನಿದ್ದೆಗೆಟ್ಟವರಿಗೆ ಆಪ್ತಸಮಾಲೋಚಕರನ್ನು ಹುಡುಕುವುದು, ಮರಳಿ ಹೋಗುವುದು ಕ್ಷೇಮವೇ ಎಂದು ಅವರೊಡನೆ ಕುಳಿತು ಅಳೆಯುವುದು, ಇವೆಲ್ಲ ಒಬ್ಬರು ಪೂರ್ಣಾವಧಿ ಮಾಡಬೇಕಾದ ಕೆಲಸ. ಅಧ್ಯಾಪಕರು ಪಾಠ ಮುಗಿಸಿ ಬಿಡುವಿನಲ್ಲಿ ಮಾಡುವಂಥದ್ದಲ್ಲ.

ಆದರೂ ದಾನಿಗಳು ಸಂಬಳಕ್ಕೆ ಹಣ ಕೊಡಲು ಹಿಂಜರಿಯುತ್ತಾರೆ. ನಮ್ಮ ಮಲೆನಾಡಿನಲ್ಲಿಯೂ ಅಡಿಕೆ ಮಾರಿದ ವರ್ಷ ಕಾಲೇಜಿಗೆ ಕೊಠಡಿ ಕಟ್ಟಿಸಿ ತಂದೆಯವರ ಹೆಸರಿಡಿಸುವ ಉದಾರಿಗಳು ಸಿಗುತ್ತಾರೆ, ಆ ಕೊಠಡಿಯಲ್ಲಿ ಪಾಠ ಮಾಡುವ ಅತಿಥಿ ಉಪನ್ಯಾಸಕರ ಸಂಬಳ ಹೊರುವವರು ಅಪರೂಪ. ವಿದೇಶಿ ದೇಣಿಗೆಯಾದರೆ ಕಾನೂನಿನ ಕಟ್ಟೂ ಇದೆ: ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಗೆ 2020ರಲ್ಲಿ ಬಂದ ತಿದ್ದುಪಡಿ ಆಡಳಿತ ವೆಚ್ಚದ ಮಿತಿಯನ್ನು ಶೇ 50ರಿಂದ ಶೇ 20ಕ್ಕೆ ಇಳಿಸಿತು. ಆದರೆ ಆಸ್ಪತ್ರೆಯ ವೈದ್ಯರ, ಶಾಲೆಯ ಶಿಕ್ಷಕರ ಸಂಬಳವನ್ನು ನಿಯಮಗಳೇ ಆಡಳಿತ ವೆಚ್ಚದಿಂದ ಹೊರಗಿಟ್ಟಿವೆ. ಆದ್ದರಿಂದ ಸಂಯೋಜಕರು ಮಾಡುವುದು ಕಚೇರಿ ಕೆಲಸವಲ್ಲ, ಕಾರ್ಯಕ್ರಮದ ಕೆಲಸವೇ ಎಂಬುದು ನೇಮಕಾತಿ ಆದೇಶದಲ್ಲಿಯೇ ಸ್ಪಷ್ಟವಾಗಿ ಬರೆದಿರಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

1933ರಲ್ಲಿ ನಾಜಿ ಜರ್ಮನಿಯಿಂದ ಹೊರದೂಡಲ್ಪಟ್ಟ ವಿದ್ವಾಂಸರಿಗಾಗಿ ಬ್ರಿಟನ್ನಿನಲ್ಲಿ ನೆರವಿನ ಮಂಡಳಿ ಹುಟ್ಟಿದಾಗ ಅಲ್ಲಿನ ಅಧ್ಯಾಪಕರು ತಮ್ಮ ಸಂಬಳದ ಒಂದಂಶವನ್ನೇ ಕೊಟ್ಟಿದ್ದರು. ಮೊತ್ತ ಚಿಕ್ಕದಿದ್ದರೂ ತಿಂಗಳು ತಿಂಗಳು ಬರುವ ಹಣಕ್ಕಿರುವ ಬಲ ಒಮ್ಮೆ ಬಂದು ಮಾರ್ಚ್ ಕೊನೆಗೆ ಮುಗಿಯುವ ಅನುದಾನಕ್ಕಿಲ್ಲ. ಆಶ್ರಯದ ಅವಧಿ ಮುಗಿದ ನಂತರದ ದಾರಿಯೂ ಅಷ್ಟೇ ಮುಖ್ಯ. ಹಾಗೆ ಜರ್ಮನಿಯಲ್ಲಿ ನೆಲೆ ಕಳೆದುಕೊಂಡ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು ಸಿ.ವಿ. ರಾಮನ್ 1935ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕರೆಸಿಕೊಂಡಿದ್ದರು. ಕಾಯಂ ಹುದ್ದೆ ಕೂಡಿಬರಲಿಲ್ಲ, ಮರುವರ್ಷ ಅವರು ಎಡಿನ್‌ಬರೋಗೆ ಹೋದರು.

ಅಧ್ಯಾಪಕರ ಪಟ್ಟಿಗೆ ನಾನು ಎರಡು ಸಾಲು ಸೇರಿಸಿದೆ: ಮೂರು ವರ್ಷಕ್ಕೆ ಸಂಯೋಜಕರ ಸಂಬಳ, ಮತ್ತು ಬಂದವರು ಹಿಂತಿರುಗಲಾಗದಿದ್ದರೆ ಇನ್ನೂ ಮೂರು ತಿಂಗಳು ಇರಿಸಿಕೊಳ್ಳಲು ಮುಟ್ಟದೆ ಕಾದಿಡುವ ನಿಧಿ. ಒಟ್ಟು ಮೊತ್ತ ಹೆಚ್ಚಿದ್ದರಿಂದ, ಇಬ್ಬರ ಬದಲು ಒಬ್ಬರನ್ನೇ ಕರೆಯುವುದೆಂದು ಅವರು ತೀರ್ಮಾನಿಸಿದರು.