ಹಡಗಿನ ಬಾಲದಲ್ಲೊಂದು ಕಿವಿ

ಸಮುದ್ರದ ತಳದಡಿ ಎಣ್ಣೆ, ಗ್ಯಾಸ್ ಹುಡುಕುವ ಹಡಗುಗಳು ಬೆನ್ನ ಹಿಂದೆ ಸದ್ದು ಆಲಿಸುವ ಉದ್ದನೆಯ ಕೇಬಲ್ ಎಳೆದುಕೊಂಡು ಹೋಗುತ್ತವೆ. ಹೆಸರು ಸ್ಟ್ರೀಮರ್. ಆರೇಳು ಕಿಲೋಮೀಟರ್ ಇರುವುದೂ ಉಂಟು. ಗೋವಾದ ವಾಸ್ಕೋದಲ್ಲಿರುವ ನಮ್ಮವರಿಗೆ ಹೇಳುವುದಾದರೆ, ಪೇಟೆಯಿಂದ ಶುರುವಾಗಿ ದಾಬೋಳಿ ಏರ್‌ಪೋರ್ಟ್ ದಾಟುವಷ್ಟು! ಸಬ್‌ಮರೀನ್ ಪತ್ತೆಗೆ ನೌಕಾಪಡೆಗಳು ಎಳೆಯುವ ಟೋಡ್ ಅರೇ ಕೂಡ ಇದೇ ಜಾತಿ. ಅಮೆರಿಕದ ಭೌತವಿಜ್ಞಾನಿ ಹಾರ್ವೆ ಹೇಯ್ಸ್ 1917ರ ಹೊತ್ತಿಗೇ ಇಂಥದ್ದೊಂದನ್ನು ಎಳೆದು ನೋಡಿದ್ದರು.

ಒಳಗಿರುವುದು ಹೈಡ್ರೋಫೋನ್, ಅಂದರೆ ನೀರಿನ ಮೈಕು. ಒತ್ತಿದರೆ ಕರೆಂಟು ಹುಟ್ಟಿಸುವ ಸೆರಾಮಿಕ್ ಬಿಲ್ಲೆ ಅದರ ಜೀವಾಳ. ಆದರೆ ನನ್ನ ಪ್ರಕಾರ ಮೈಕು ಸುಲಭದ ಭಾಗ. ಅದಕ್ಕೆ ಬೇಡದ ಸದ್ದು ಕೇಳಿಸದ ಹಾಗೆ ನೋಡಿಕೊಳ್ಳುವುದೇ ದೊಡ್ಡ ತಲೆನೋವು. ಎಂಜಿನ್ ಗುಡುಗು, ಎಳೆತಕ್ಕೆ ಅದುರುವ ಕೇಬಲ್, ಮೈಸವರಿ ಹರಿಯುವ ನೀರು, ಎಲ್ಲವೂ ಸದ್ದೇ.

ಮೊದಲ ಉಪಾಯ ಬಿಲ್ಲೆಗಳಲ್ಲೇ ಇದೆ. ಎರಡು ಬಿಲ್ಲೆಗಳನ್ನು ಎದುರುಬದುರು ಕೂರಿಸುತ್ತಾರೆ. ಶಬ್ದದ ಒತ್ತಡ ಬಂದರೆ ಎರಡೂ ಒಳಕ್ಕೆ ಬಾಗುತ್ತವೆ, ವೋಲ್ಟೇಜ್ ಕೂಡುತ್ತದೆ. ಕೇಬಲ್ ಸುಮ್ನೆ ಅಲುಗಿದರೆ ಒಂದು ಒಳಕ್ಕೆ, ಇನ್ನೊಂದು ಹೊರಕ್ಕೆ. ಲೆಕ್ಕ ಹೆಚ್ಚುಕಮ್ಮಿ ಸೊನ್ನೆ. ಜಾಣತನ ಅಂದ್ರೆ ಇದು, ಅಲ್ವಾ?

ಎಳೆಯುವ ಕೇಬಲ್ಲಿಗೂ ಮೈಕುಗಳಿಗೂ ನಡುವೆ ಹಿಗ್ಗಿ ಕುಗ್ಗುವ ಒಂದು ತುಂಡು ಇರುತ್ತದೆ. ಹಡಗಿನ ಕುಲುಕಾಟ ಅಲ್ಲೇ ಬಹುಪಾಲು ಸಾಯಬೇಕು. ಕೊನೆಯಲ್ಲಿ ಕಟ್ಟಿದ ಬಾಲದ ಹಗ್ಗ ಇಡೀ ಸಾಲನ್ನು ಹಿಂದಕ್ಕೆ ಜಗ್ಗಿ ನೆಟ್ಟಗೆ ಇಡುತ್ತದೆ.

ಹೊರಗಿನ ಪಾಲಿಯುರೆಥೇನ್ ಕೊಳವೆಯಲ್ಲಿ ಹಿಂದೆಲ್ಲ ಸೀಮೆಎಣ್ಣೆಯಂಥ ಹಗುರ ಎಣ್ಣೆ ತುಂಬುತ್ತಿದ್ದರು. ಕೇಬಲ್ ತೇಲಲೂ ಬಾರದು, ಮುಳುಗಲೂ ಬಾರದು ಅಂತ. ಶಾರ್ಕ್ ಕಚ್ಚಿದರೆ ಎಣ್ಣೆಯೆಲ್ಲ ಸಮುದ್ರಪಾಲು. ಈಗ ಜೆಲ್ ಅಥವಾ ಗಟ್ಟಿ ಫೋಮ್ ಜಾಸ್ತಿ. ಈ ತೂಕದ ಲೆಕ್ಕ ಬಲು ಸೂಕ್ಷ್ಮ. ಮಳೆಗಾಲದಲ್ಲಿ ಮಾಂಡವಿ, ಜುವಾರಿ ನದಿಗಳ ಸಿಹಿನೀರು ಸೇರಿ ಕರಾವಳಿಯ ಮೇಲ್ನೀರಿನ ಉಪ್ಪು ಇಳಿಯುತ್ತದೆ. ಅಂಥ ನೀರಲ್ಲಿ ಅದೇ ಕೇಬಲ್ ಭಾರವಾಗಿ ಕೆಳಗಿಳಿಯುತ್ತದೆ. ಸರ್ವೇ ಹಡಗಿನವರು ಸೀಸದ ಪಟ್ಟಿ ಸುತ್ತಿ, ಬಿಚ್ಚಿ ತೂಕ ಸರಿಮಾಡುತ್ತಾರೆ. ಅಲ್ಲಲ್ಲಿ ಸಿಕ್ಕಿಸಿದ ‘ಬರ್ಡ್’ ಎಂಬ ರೆಕ್ಕೆಗಳು ಆಳ ಕಾಯುತ್ತವೆ.

ಮೈಕುಗಳ ನಡುವಿನ ದೂರವೂ ಅಂದಾಜಿನದಲ್ಲ. ನೀರಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1500 ಮೀಟರ್ ಓಡುತ್ತದೆ. 100 ಹರ್ಟ್ಸ್, ಅಂದರೆ ಸೆಕೆಂಡಿಗೆ 100 ಸಲ ಕಂಪಿಸುವ ಸದ್ದಿನ ಅಲೆ 15 ಮೀಟರ್ ಉದ್ದ, ಅದರ ಅರ್ಧಕ್ಕೊಂದು ಮೈಕು. ಪಕ್ಕಪಕ್ಕದ ಮೈಕುಗಳಿಗೆ ಸದ್ದು ಎಷ್ಟು ಹಿಂದುಮುಂದಾಗಿ ಮುಟ್ಟಿತು ಅಂತ ನೋಡಿ ದಿಕ್ಕು ಹಿಡಿಯುತ್ತಾರೆ.

ಒಂದೇ ಸಾಲಿಗೆ ಎಡ ಯಾವುದು, ಬಲ ಯಾವುದು ಮಾತ್ರ ತಿಳಿಯದು. ಸಬ್‌ಮರೀನ್ ಯಾವ ಬದಿಗಿದೆ ಅಂತ ಗೊತ್ತಾಗಬೇಕಾದರೆ ಹಡಗೇ ದಾರಿ ಬದಲಿಸಬೇಕು. ಆಗ ಕೇಬಲ್ ಬಿಲ್ಲಿನ ಹಾಗೆ ಬಾಗುತ್ತದೆ, ಯಾವ ಮೈಕು ಎಲ್ಲಿದೆ ಅನ್ನುವ ಲೆಕ್ಕವೇ ತಪ್ಪುತ್ತದೆ. ಅದಕ್ಕೇ ಒಳಗೆ ದಿಕ್ಸೂಚಿಗಳನ್ನೂ ಇಟ್ಟಿರುತ್ತಾರೆ. ಆದರೂ ಕೇಬಲ್ ನೆಟ್ಟಗಾಗುವ ತನಕ ಕಾಯುವುದು ತಪ್ಪಿದ್ದಲ್ಲ.