ಐರ್ಲೆಂಡಿನ ಕೀಮ್ ಕೊಲ್ಲಿಯ ಶಾರ್ಕಿಗೆ ಕಾನೂನಿನ ರಕ್ಷಣೆ ಬಂದಿದ್ದು 2022ರಲ್ಲಿ. ಅಷ್ಟು ತಡ ಯಾಕೆ?

ಏಪ್ರಿಲ್ ಬಂತೆಂದರೆ ಐರ್ಲೆಂಡಿನ ಪಶ್ಚಿಮ ಕರಾವಳಿಯಿಂದ ಡ್ರೋನ್ ವಿಡಿಯೋಗಳು ಹರಿದಾಡಲು ಶುರುವಾಗುತ್ತವೆ. ತಿಳಿ ಹಸಿರು ನೀರಿನಲ್ಲಿ ಏಳೆಂಟು ಮೀಟರ್ ಉದ್ದದ ಬೂದು ಮೀನೊಂದು ಬಾಯಿ ಅಗಲಿಸಿಕೊಂಡು ಆರಾಮಾಗಿ ಬರುತ್ತಿರುತ್ತದೆ. ಇದೇ ಬಾಸ್ಕಿಂಗ್ ಶಾರ್ಕ್. 'ಶಾರ್ಕುಗಳು ವಾಪಸ್ ಬಂದಿವೆ' ಅಂತ ಕೆಲವರಿಗೆ ಖುಷಿ. ಆದರೆ 2019ರಲ್ಲಿ ಜಗತ್ತಿನ ಜೀವಿಗಳ ಸ್ಥಿತಿಯ ಪಟ್ಟಿ ಮಾಡುವ ಸಂಸ್ಥೆ ಐಯುಸಿಎನ್ ಇದನ್ನು ಅಳಿವಿನ ಅಪಾಯದಲ್ಲಿರುವ ಜೀವಿಗಳ ಸಾಲಿಗೆ ಸೇರಿಸಿದೆ. ಎರಡೂ ಒಟ್ಟಿಗೆ ನಿಜ ಆಗೋದು ಹೇಗೆ? ಸ್ವಲ್ಪ ಹಿಂದಕ್ಕೆ ಹೋಗಬೇಕು.

ಮೊದಲು ಮೀನಿನ ಪರಿಚಯ. ಜಗತ್ತಿನ ಅತಿ ದೊಡ್ಡ ಮೀನು ತಿಮಿಂಗಿಲ ಶಾರ್ಕ್. ನಮ್ಮ ಅರಬ್ಬಿ ಸಮುದ್ರದಲ್ಲೂ ಅದಿದೆ, ಭಾರತದಲ್ಲಿ 2001ರಿಂದ ಅದಕ್ಕೆ ಕಾನೂನಿನ ರಕ್ಷಣೆಯೂ ಇದೆ. ಬಾಸ್ಕಿಂಗ್ ಶಾರ್ಕ್ ಎರಡನೆಯದು, ತಂಪು ಸಮುದ್ರಗಳದ್ದು. ಹಲ್ಲು ಇವೆ, ಆದರೆ ಸಣ್ಣವು, ಕಚ್ಚುವ ಕೆಲಸಕ್ಕಲ್ಲ. ಗಂಟೆಗೆ ಸುಮಾರು 3 ಕಿ.ಮೀ. ವೇಗದಲ್ಲಿ ಬಾಯಿ ತೆರೆದುಕೊಂಡೇ ಈಜುತ್ತದೆ. ನೀರು ಕಿವಿರುಗಳಿಂದ ಆಚೆ ಹೋಗುತ್ತದೆ, ಅದರಲ್ಲಿದ್ದ ಪುಟಾಣಿ ಜೀವಿಗಳು ಅಲ್ಲೇ ಸಿಕ್ಕಿಕೊಳ್ಳುತ್ತವೆ. ಅಷ್ಟೇ ಅದರ ಊಟ.

ಮನುಷ್ಯರಿಗೆ ಬೇಕಾಗಿದ್ದು ಅದರ ಲಿವರ್. ಮೈತೂಕದ ಕಾಲು ಭಾಗದವರೆಗೂ ತೂಗುವ ಈ ಲಿವರ್ ತುಂಬಾ ಎಣ್ಣೆ. 18ನೇ ಶತಮಾನದಲ್ಲೇ ಗಾಲ್ವೇ ಕಡೆಯ ಮೀನುಗಾರರು ಈಟಿ ಎಸೆದು ಇದನ್ನು ಹಿಡಿಯುತ್ತಿದ್ದರು, ಎಣ್ಣೆ ದೀಪಕ್ಕೆ ಹೋಗುತ್ತಿತ್ತು. 19ನೇ ಶತಮಾನದಲ್ಲಿ ಮೀನು ಕಡಿಮೆಯಾಯಿತು, ಬೇಟೆಯೂ ನಿಂತುಹೋಯಿತು.

ಮತ್ತೆ ಶುರುವಾಗಿದ್ದು 1947ರಲ್ಲಿ, ಮೇಯೋ ಜಿಲ್ಲೆಯ ಅಕಿಲ್ ದ್ವೀಪದಲ್ಲಿ. ದ್ವೀಪದ ಪಶ್ಚಿಮ ತುದಿಯ ಕೀಮ್ ಕೊಲ್ಲಿಗೆ ವಸಂತದಲ್ಲಿ ಶಾರ್ಕುಗಳು ಬಂಡೆಯ ಅಂಚು ಹಿಡಿದು ಬರುತ್ತಿದ್ದವು. ಆ ದಾರಿಗೆ ಅಡ್ಡಲಾಗಿ ದಡದಿಂದಲೇ ದಪ್ಪ ಹಗ್ಗದ ಬಲೆ ಕಟ್ಟುತ್ತಿದ್ದರು. ಕಾವಲಿಗೆ ಒಂದು ಕರಾಕ್ ದೋಣಿ. ಮರದ ಚೌಕಟ್ಟಿಗೆ ಟಾರು ಬಳಿದ ಕ್ಯಾನ್ವಾಸ್ ಹೊದಿಸಿದ ಹಗುರ ದೋಣಿ ಅದು, ನಮ್ಮ ಹರಿಗೋಲಿನ ದೂರದ ನೆಂಟ ಅನ್ನಬಹುದು. ಶಾರ್ಕ್ ಬಲೆಗೆ ಸುತ್ತಿಕೊಂಡಿತೆಂದರೆ ದೋಣಿಯವರು ಹತ್ತಿರ ಹೋಗಿ, ಉದ್ದ ಹಿಡಿಯ ಈಟಿಯನ್ನು ತಲೆಯ ಹಿಂದೆ ಇಳಿಸಿ ಬೆನ್ನುಹುರಿ ಕತ್ತರಿಸಬೇಕು. ಬಾಲದ ಒಂದು ಏಟು ಬಿದ್ದರೂ ದೋಣಿ ಉಳಿಯುವುದಿಲ್ಲ. ಸತ್ತ ಮೀನನ್ನು ಪರ್ಟೀನ್ ಬಂದರಿಗೆ ಎಳೆದು ತಂದು, ಲಿವರ್ ತೆಗೆದು ಎಣ್ಣೆ ಬೇಯಿಸುತ್ತಿದ್ದರು. ಯಂತ್ರಗಳಿಗೆ, ಚರ್ಮ ಹದ ಮಾಡುವುದಕ್ಕೆ ಆ ಎಣ್ಣೆಗೆ ಹೊರದೇಶಗಳಲ್ಲಿ ಒಳ್ಳೆ ಬೆಲೆ ಇತ್ತು. ದುಡಿಮೆಗಾಗಿ ಮನೆ ಬಿಟ್ಟು ಸ್ಕಾಟ್ಲೆಂಡಿಗೋ ಇಂಗ್ಲೆಂಡಿಗೋ ಹೋಗುವುದೇ ರೂಢಿಯಾಗಿದ್ದ ದ್ವೀಪದಲ್ಲಿ ಊರಲ್ಲೇ ಕೂಲಿ ಸಿಗುವುದು ಸಣ್ಣ ಮಾತಲ್ಲ. ಈಟಿ ಹಿಡಿದವರನ್ನು ಇವತ್ತು ಬೈಯುವ ಮುಂಚೆ ಇದು ನೆನಪಿರಲಿ.

1952ರ ಒಂದೇ ವರ್ಷ 1,808 ಶಾರ್ಕುಗಳು. 1950ರಿಂದ 1956ರವರೆಗೆ ಹೆಚ್ಚುಕಮ್ಮಿ ಪ್ರತಿ ವರ್ಷ ಸಾವಿರದ ಆಸುಪಾಸು ಅಥವಾ ಅದಕ್ಕೂ ಜಾಸ್ತಿ. ಆಮೇಲೆ ಲೆಕ್ಕ ಜರ್ರನೆ ಇಳಿಯಿತು. 1960ರ ಹೊತ್ತಿಗೆ ಇನ್ನೂರು ಚಿಲ್ಲರೆ. 1975ರಲ್ಲಿ ಕೆಲಸ ಮುಚ್ಚುವಾಗ ವರ್ಷಕ್ಕೆ ನಲವತ್ತೂ ಸಿಗುತ್ತಿರಲಿಲ್ಲ. ಒಟ್ಟು 12,360.

ಮೀನು ಯಾಕೆ ಬರಲಿಲ್ಲ ಅನ್ನುವುದೇ ದೊಡ್ಡ ಜಗಳ. ಹಿಡಿದು ಮುಗಿಸಿದರು ಅನ್ನುವುದು ಒಂದು ವಾದ. ಇನ್ನೊಂದು ವಾದ ಊಟದ್ದು: ಅದೇ ವರ್ಷಗಳಲ್ಲಿ ಆ ಭಾಗದ ಕಡಲಿನಲ್ಲಿ ಶಾರ್ಕ್ ತಿನ್ನುವ ಸೂಕ್ಷ್ಮ ಜೀವಿಗಳೂ ಕಡಿಮೆಯಾಗಿದ್ದವು, ಹಾಗಾಗಿ ಮೀನು ಬೇರೆ ಕಡೆ ಹೋಗಿರಬಹುದು. 2002ರಲ್ಲಿ ಇದಕ್ಕೆ ಅಂಕಿಅಂಶಗಳ ಬೆಂಬಲವೂ ಸಿಕ್ಕಿತು. ಎರಡೂ ಸೇರಿ ಆಗಿರಬಹುದು ಅಲ್ವಾ? ಆದರೆ ಊಟ ತಪ್ಪಿದ ಮೀನು ಬೇರೆ ಕಡಲಿನಲ್ಲಿ ಬದುಕಿರುತ್ತದೆ. ಈಟಿ ಬಿದ್ದದ್ದು ಹಾಗಲ್ಲ. ಇದು ಬೇಗ ಹೆಚ್ಚುವ ಮೀನೂ ಅಲ್ಲ. ಮರಿ ಹಾಕುವ ವಯಸ್ಸಿಗೆ ಬರಲು ಹತ್ತು ವರ್ಷಕ್ಕೂ ಜಾಸ್ತಿ ಬೇಕು.

ಅಕಿಲ್ ಒಂದೇ ಅಲ್ಲ. ನಾರ್ವೆಯ ಹಡಗುಗಳು ಕಡಲಿಗೇ ಇಳಿದು ಹಾರ್ಪೂನ್ ಹೊಡೆಯುತ್ತಿದ್ದವು. ಎಲ್ಲ ಸೇರಿ ಅರ್ಧ ಶತಮಾನದಲ್ಲಿ ಈಶಾನ್ಯ ಅಟ್ಲಾಂಟಿಕ್‌ನಲ್ಲಿ ಸತ್ತವು 80 ಸಾವಿರಕ್ಕೂ ಹೆಚ್ಚು. ಕೆನಡಾದ ಪೆಸಿಫಿಕ್ ದಡದ ಕಥೆಯಲ್ಲಿ ಎಣ್ಣೆಯ ಆಸೆಯೂ ಇರಲಿಲ್ಲ. ಶಾರ್ಕುಗಳು ಸಾಲ್ಮನ್ ಬಲೆಗೆ ಸಿಕ್ಕಿ ಹರಿದು ಹಾಕುತ್ತವೆ ಅಂತ 1955ರಲ್ಲಿ ಮೀನುಗಾರಿಕೆ ಇಲಾಖೆಯ ದೋಣಿಯೊಂದರ ಮೂತಿಗೆ ಹರಿತವಾದ ಬ್ಲೇಡ್ ಕಟ್ಟಿ, ಮೇಲೆ ತೇಲುತ್ತಿದ್ದ ಮೀನನ್ನು ಸೀಳಿ ಹಾಕಿದರು. ಅಲ್ಲೀಗ ಒಂದು ಶಾರ್ಕ್ ಕಂಡರೂ ಸುದ್ದಿಯಾಗುತ್ತದೆ.

ಕಾನೂನು ಬಂದದ್ದು ತುಂಡು ತುಂಡಾಗಿ. ಐರ್ಲೆಂಡಿಗೂ ಬ್ರಿಟನ್ನಿಗೂ ನಡುವಿನ ಐಲ್ ಆಫ್ ಮ್ಯಾನ್ ದ್ವೀಪ 1990ರಲ್ಲಿ ರಕ್ಷಣೆ ಕೊಟ್ಟಿತು, ಬ್ರಿಟನ್ 1998ರಲ್ಲಿ. ಯುರೋಪಿಯನ್ ಒಕ್ಕೂಟ 2007ರಲ್ಲಿ ಹಿಡಿಯುವುದನ್ನು ನಿಷೇಧಿಸಿತು. ಐರ್ಲೆಂಡಿಗೂ ಅದು ಅನ್ವಯಿಸಿತು ನಿಜ, ಆದರೆ ಆ ನಿಷೇಧ ಹಿಡಿಯುವುದಕ್ಕೆ ಮಾತ್ರ. ಶಾರ್ಕಿನ ಮೇಲೆ ಸ್ಪೀಡ್ ಬೋಟ್ ನುಗ್ಗಿಸಿದರೆ ಕೇಳುವವರಿಲ್ಲ. ಐರ್ಲೆಂಡಿನ ಡೊನೆಗಾಲ್ ತೀರದಿಂದ ಅದೇ ಮೀನು ಪೂರ್ವಕ್ಕೆ ಈಜಿ, ಬ್ರಿಟನ್ನಿನ ಆಳ್ವಿಕೆಯ ಉತ್ತರ ಐರ್ಲೆಂಡಿನ ನೀರಿಗೆ ಹೋದರೆ ಕಾನೂನಿನ ಕಾವಲು, ವಾಪಸ್ ಬಂದರೆ ಇಲ್ಲ. 2022ರ ಅಕ್ಟೋಬರಿನಲ್ಲಿ ಐರ್ಲೆಂಡ್ ತನ್ನ ವನ್ಯಜೀವಿ ಕಾಯ್ದೆಯಡಿ ಶಾರ್ಕನ್ನು ಸೇರಿಸಿದ ಮೇಲೆಯೇ ಈ ಗೊಂದಲ ತಪ್ಪಿದ್ದು. ಕೀಮ್‌ನಲ್ಲಿ ಬಲೆ ಎತ್ತಿಟ್ಟು ಆಗಲೇ 47 ವರ್ಷ ಆಗಿತ್ತು. ಬೇಟೆ ಹೇಗೂ ನಿಂತಿದೆ, ಇನ್ನೇನು ಅವಸರ ಅನ್ನುವ ಧೋರಣೆಗೆ ಇದಕ್ಕಿಂತ ಒಳ್ಳೆ ಉದಾಹರಣೆ ಸಿಗಲಿಕ್ಕಿಲ್ಲ.

ಈ ನಡುವೆ ಮೀನಿನ ಬಗ್ಗೆ ತಿಳಿದಿದ್ದೂ ಬದಲಾಯಿತು. ಚಳಿಗಾಲದಲ್ಲಿ ಕಾಣದ ಶಾರ್ಕ್ ಕಡಲಿನ ತಳದಲ್ಲಿ ನಿದ್ದೆ ಹೊಡೆಯುತ್ತದೆ ಅಂತ ದಶಕಗಳ ಕಾಲ ನಂಬಿದ್ದರು. ಉಪಗ್ರಹ ಟ್ಯಾಗ್ ಹಾಕಿ ನೋಡಿದರೆ ನಿದ್ದೆ ಎಲ್ಲಿಂದ ಬಂತು! ಐಲ್ ಆಫ್ ಮ್ಯಾನ್ ಬಳಿ 2007ರಲ್ಲಿ ಟ್ಯಾಗ್ ಹಾಕಿದ ಒಂದು ಅಟ್ಲಾಂಟಿಕ್ ದಾಟಿ ಕೆನಡಾ ಕಡೆ ಹೋಗಿತ್ತು. ಅಮೆರಿಕದ ತೀರದಲ್ಲಿ ಟ್ಯಾಗ್ ಹಾಕಿದವು ಬೆಚ್ಚಗಿನ ನೀರಿನ ಆಳದಲ್ಲಿ ಇಳಿದುಕೊಂಡು ಬ್ರೆಜಿಲ್‌ವರೆಗೆ ಹೋಗಿದ್ದವು. ಸೋಮಾರಿ ಅನ್ನುವ ಹೆಸರೂ ಉಳಿಯಲಿಲ್ಲ. ಐರ್ಲೆಂಡಿನ ಉತ್ತರ ತುದಿಯ ಮಾಲಿನ್ ಹೆಡ್ ಬಳಿಯ ಒಂದು ಶಾರ್ಕ್ 28 ಮೀಟರ್ ಆಳದಿಂದ ಒಂಬತ್ತೇ ಸೆಕೆಂಡಿನಲ್ಲಿ ಮೇಲೆ ಬಂದು ನೀರಿನಿಂದಾಚೆ ಜಿಗಿದದ್ದು ದಾಖಲಾಗಿದೆ. ಐರ್ಲೆಂಡಿನ ಪಶ್ಚಿಮದ ಕ್ಲೇರ್ ತೀರದಲ್ಲಿ 2016ರಿಂದ 2021ರವರೆಗೆ ಇನ್ನೊಂದು ನೋಟ ಸಿಕ್ಕಿತು: ಗಂಡು ಹೆಣ್ಣು ಬೆರೆತ ಶಾರ್ಕುಗಳು ತಿನ್ನುವುದು ಬಿಟ್ಟು, ಒಂದಕ್ಕೊಂದು ರೆಕ್ಕೆ ತಾಗಿಸುತ್ತಾ ಗಂಟೆಗಟ್ಟಲೆ ಉಂಗುರದ ಹಾಗೆ ಸುತ್ತುತ್ತಿದ್ದವು. ಜೋಡಿ ಹುಡುಕುವ ರೀತಿ ಇದು ಅನ್ನುತ್ತಾರೆ ಸಂಶೋಧಕರು. ಅಂಥ ಉಂಗುರದ ನಡುವೆ ಬೋಟ್ ನುಗ್ಗಿದರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ.

ಅಲ್ಲಿರುವ ಕನ್ನಡಿಗರೂ, ಪ್ರವಾಸ ಹೊರಟವರೂ ನೋಡಬೇಕೆಂದರೆ ಏಪ್ರಿಲ್‌ನಿಂದ ಜೂನ್ ಒಳ್ಳೆ ಕಾಲ. ಕೀಮ್ ಕೊಲ್ಲಿ, ಮಾಲಿನ್ ಹೆಡ್, ಕ್ಲೇರ್ ತೀರ, ವೆಸ್ಟ್ ಕಾರ್ಕ್. ಸ್ಕಾಟ್ಲೆಂಡಿನ ಕಾಲ್, ಟೈರೀ, ಕ್ಯಾನಾ ದ್ವೀಪಗಳ ಸುತ್ತ ಜುಲೈ, ಆಗಸ್ಟ್. ಗಾಳಿಯಿಲ್ಲದ ದಿನ ಎತ್ತರದ ಬಂಡೆಯ ಮೇಲೆ ಬೈನಾಕ್ಯುಲರ್ ಹಿಡಿದು ಕೂರಿ. ಮೂಗಿನ ತುದಿ, ಬೆನ್ನಿನ ರೆಕ್ಕೆ, ಬಾಲದ ತುದಿ ಮೂರೂ ಒಂದೇ ಸಾಲಿನಲ್ಲಿ ಕಂಡರೆ ಅದೇ. ಬೋಟಿನಲ್ಲಿದ್ದರೆ 100 ಮೀಟರ್ ದೂರದಲ್ಲೇ ವೇಗ ಇಳಿಸಬೇಕು. ಸುಮ್ನೆ ಹಿಂದೆ ಬೀಳುವುದು, ಮುಂದೆ ಹೋಗಿ ಅಡ್ಡ ನಿಲ್ಲುವುದು ಬೇಡ.

ಇನ್ನೊಂದು ವಿಷಯ ಬಾಕಿ ಇದೆ. ಸ್ಕಾಟ್ಲೆಂಡ್ 2020ರಲ್ಲಿ ಹೆಬ್ರಿಡೀಸ್ ಸಮುದ್ರದ ಒಂದು ಭಾಗವನ್ನು ಈ ಶಾರ್ಕಿಗೂ ಸೇರಿಸಿಯೇ ಸಂರಕ್ಷಿತ ಕಡಲು ಎಂದು ಗುರುತಿಸಿತು. ಐರ್ಲೆಂಡ್ 2022ರಲ್ಲಿ ರಕ್ಷಣೆ ಕೊಟ್ಟಿದ್ದು ಮೀನಿಗೆ. ಅದು ಊಟಕ್ಕೂ ಜೋಡಿಗೂ ಬಂದು ಸೇರುವ ಕಡಲಿನ ಜಾಗಗಳ ಮಾತು ಬೇರೆಯೇ.