ಹೂಳು ಎತ್ತಿಲ್ಲ, ಬಿಲ್ ಎತ್ತಿದ್ದಾರೆ: ದಾಖಲೆ ಹುಡುಕೋದು ಯಾರ ಕೆಲಸ?

ಪ್ರಶ್ನೆ: ನಮ್ಮೂರ ಕೆರೆಯ ಹೂಳು ಎತ್ತದೇ ಬಿಲ್ ಎತ್ತಿದ್ದಾರೆ ಅಂತ ಊರಿಗೆಲ್ಲ ಗೊತ್ತು. ವರದಿಗಾರರಿಗೆ ಹೇಳಿದರೆ ‘ದಾಖಲೆ ಇದ್ರೆ ಕೊಡಿ, ಬರೀತೀನಿ’ ಅಂತಾರೆ. ದಾಖಲೆ ಹುಡುಕೋದು ಅವರ ಕೆಲಸ ಅಲ್ವಾ? (ಚಿಂತಾಮಣಿ ತಾಲ್ಲೂಕಿನ ಓದುಗರು)

ಉತ್ತರ: ಅವರದೇ ಕೆಲಸ. ಊರಿಗೆಲ್ಲ ಗೊತ್ತಿರೋದನ್ನ ಹಾಗೇ ಅಚ್ಚು ಹಾಕಿದರೆ ಮಾನನಷ್ಟದ ನೋಟಿಸು ಬರುತ್ತದೆ, ನಿಜ. ಹಾಗಂತ ಕಾಗದ ತರುವ ಹೊಣೆಯನ್ನು ಹಳ್ಳಿಯವರ ತಲೆಗೆ ಕಟ್ಟೋದು ಸೋಮಾರಿತನ. ದಾಖಲೆ ಕೇಳುವ ಮಾಹಿತಿ ಹಕ್ಕು ಅರ್ಜಿ ವರದಿಗಾರನ ಹೆಸರಲ್ಲೇ ಹೋಗಬೇಕು. ನಿಮ್ಮ ಹೆಸರಲ್ಲಿ ಹೋದರೆ ಸಂಜೆಯೊಳಗೆ ಗುತ್ತಿಗೆದಾರನ ಕಡೆಯವರು ನಿಮ್ಮ ಮನೆ ಬಾಗಿಲಲ್ಲಿರುತ್ತಾರೆ.

ಮೊದಲು ಕೆರೆ ಯಾವ ಇಲಾಖೆಯದು ನೋಡಬೇಕು. 40 ಹೆಕ್ಟೇರ್‌ಗಿಂತ ಹೆಚ್ಚು ಅಚ್ಚುಕಟ್ಟು (ಕೆರೆ ನೀರು ಹಾಯುವ ಜಮೀನು) ಇದ್ದರೆ ಸಾಮಾನ್ಯವಾಗಿ ಸಣ್ಣ ನೀರಾವರಿ ಇಲಾಖೆಯದು, ಚಿಕ್ಕದಾದರೆ ಪಂಚಾಯಿತಿಯದು. ಮಾಹಿತಿ ಹಕ್ಕು ಅರ್ಜಿಗೆ 10 ರೂಪಾಯಿ. ನಮ್ಮ ರಾಜ್ಯದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, ಅದೂ 150 ಪದದೊಳಗೆ. ‘ಅವ್ಯವಹಾರ ಆಗಿದೆಯೇ?’ ಎಂದು ಕೇಳಿದರೆ ಒಂದು ಸಾಲಿನ ಹಾರಿಕೆ ಉತ್ತರ ಬರುತ್ತದೆ. ಅಂದಾಜು ಪಟ್ಟಿ, ಕಾರ್ಯಾದೇಶ, ಬಿಲ್ಲು ಕೇಳಬೇಕು. ಎಲ್ಲಕ್ಕಿಂತ ಮುಖ್ಯವಾಗಿ ಎಂ.ಬಿ., ಅಂದರೆ ಎಂಜಿನಿಯರ್ ಬರೆಯುವ ಅಳತೆ ಪುಸ್ತಕ.

ಕಳ್ಳತನ ಸಿಕ್ಕಿಬೀಳೋದು ಬಹುಪಾಲು ಈ ಪುಸ್ತಕದಲ್ಲೇ. ಉದಾಹರಣೆಗೆ ಉದ್ದ 100 ಮೀಟರ್, ಅಗಲ 30, ಆಳ 1 ಎಂದು ಬರೆದಿದ್ದಾರೆ ಅಂದುಕೊಳ್ಳಿ. 3,000 ಘನ ಮೀಟರ್ ಹೂಳು. ಟ್ರ್ಯಾಕ್ಟರ್ ಟ್ರಾಲಿಗೆ ಮೂರು ಘನ ಮೀಟರ್ ಲೆಕ್ಕ ಹಿಡಿದರೂ ಸಾವಿರ ಲೋಡು. ಅಷ್ಟು ಕೆರೆಗೋಡು, ಅಂದರೆ ಹೂಳು ಮಣ್ಣು, ಯಾರ ಹೊಲಕ್ಕೆ ಬಿತ್ತು? ನಮ್ಮ ಕಡೆ ಗೋಡು ಅಂದರೆ ರೈತರು ಜಗಳ ಆಡಿ ಹೊಡೆಸಿಕೊಳ್ಳುತ್ತಾರೆ. ಸಾವಿರ ಲೋಡು ಹೋದದ್ದು ಯಾರಿಗೂ ನೆನಪಿಲ್ಲ ಅಂದರೆ ಅದು ಪುಸ್ತಕದಲ್ಲಿ ಮಾತ್ರ ಹೋಗಿದೆ. ಅಳತೆ ಹಿಡಿದ ತಾರೀಖನ್ನೂ ನೋಡಬೇಕು. 2021ರ ನವೆಂಬರ್ ಮಳೆಗೆ ಕೋಲಾರ, ಚಿಕ್ಕಬಳ್ಳಾಪುರದ ಎಷ್ಟೋ ಕೆರೆ ಕೋಡಿ ಬಿದ್ದವು. ಕೋಡಿ ಹರಿಯುತ್ತಿದ್ದ ವಾರದಲ್ಲೇ ಕೆರೆಯಂಗಳದ ಆಳ ಅಳೆದ ಬಿಲ್ಲು ಸಿಕ್ಕರೆ ಸಂಬಂಧಪಟ್ಟ ಎಂಜಿನಿಯರ್‌ಗೆ ಅದನ್ನೇ ತೋರಿಸಿ ಪ್ರತಿಕ್ರಿಯೆ ಕೇಳಬೇಕು. ಅವರ ಮಾತೂ ಸುದ್ದಿಯಲ್ಲಿ ಬರಬೇಕು. (ಅದೇ ಕಾಗದ ಹಿಡಿದು ಹೋಗಿ ಕವರ್ ಇಸ್ಕೊಂಡು ಬರುವ ‘ಪತ್ರಕರ್ತರು’ ಇದ್ದಾರೆ. ಅವರಿಂದಲೇ ಊರಿನವರಿಗೆ ನಂಬಿಕೆ ಹೋಗಿರೋದು.)

ಸುದ್ದಿ ಬಂದಾಕ್ಷಣ ಯಾರೋ ಜೈಲಿಗೆ ಹೋಗುತ್ತಾರೆ ಅಂತಲ್ಲ. ಪಕ್ಕದ ತುಮಕೂರು ಜಿಲ್ಲೆಯನ್ನೇ ನೋಡಿ. ಅಕ್ರಮ ಗಣಿಗಾರಿಕೆ ಬಗ್ಗೆ ಪತ್ರಿಕೆಗಳು ಬರೆದದ್ದು ಕಡಿಮೆಯೇನಲ್ಲ. ಆದರೆ ಅದಿರು ನಿಂತದ್ದು ಲೋಕಾಯುಕ್ತರ ವರದಿ, ಸಮಾಜ ಪರಿವರ್ತನಾ ಸಮುದಾಯ ಎಂಬ ಸಂಘಟನೆಯ ಅರ್ಜಿ ಎಲ್ಲ ಸೇರಿ, 2011ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ತಡೆ ಹಾಕಿದ ಮೇಲೆ. ನಿಮ್ಮ ಕೆರೆಯ ಸುದ್ದಿಯ ಪ್ರತಿಯೂ ದಾಖಲೆಗಳ ಜೊತೆ ಲೋಕಾಯುಕ್ತಕ್ಕೆ ಹೋಗಬೇಕು.

ಹಾಗಾದರೆ ನೀವೇನು ಮಾಡಬೇಕು? ವರದಿಗಾರನಿಗೆ ಕೆರೆಯ ಸರ್ವೆ ನಂಬರ್ ಕೊಡಿ. ಜೆಸಿಬಿ ಯಾವಾಗ ಬಂತು, ಎಷ್ಟು ದಿನ ನಿಂತಿತ್ತು ಹೇಳಿ. ಅರ್ಜಿಗೆ 30 ದಿನದಲ್ಲಿ ಉತ್ತರ ಬರಬೇಕು. ಬರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಮಾಹಿತಿ ಆಯೋಗ. ಅಷ್ಟರಲ್ಲಿ ಮಳೆ ಬಂದು ಅಂಗಳ ತುಂಬಿದರೆ ಅಳೆಯಲು ಏನೂ ಉಳಿಯುವುದಿಲ್ಲ. ಹಾಗಾಗಿ ಅಂಗಳದ ಫೋಟೊಗಳನ್ನು, ತೂಬು ಕಾಣುವ ಹಾಗೆ, ಮುಂಗಾರಿಗೆ ಮೊದಲೇ ತೆಗೆದಿಡಿ.